ತೋರಣ ಕಟ್ಟಿದ ಕೈಗಳು: ನಮ್ಮ ಹಬ್ಬಗಳ ಅಲಂಕಾರದ ಚರಿತ್ರೆ



ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಚರಿತ್ರೆಯೆಂಬ ಹೆಸರಿನಿಂದ ಏನು ಅಚ್ಚಾಗುವುದೆಂಬುದು ನಿಮಗೆಲ್ಲ ತಿಳಿದೇ ಇದೆ. ಅಸ್ತಿವಾರದ ಕಲ್ಲನ್ನಿಟ್ಟ ದಿನ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ದಾನಿಗಳ ಪಟ್ಟಿ, ಗಂಟೆಗೋಪುರ ಎದ್ದ ವರ್ಷ, ಶಾಲೆ ತೆರೆದ ವರ್ಷ ಇವೆಲ್ಲವೂ ಅತ್ಯಗತ್ಯವಾದವುಗಳೇ. ಈ ಸಂಚಿಕೆಯ ಬೇರೆ ಪುಟಗಳಲ್ಲಿ ಅವು ಯಥೋಚಿತವಾಗಿ ದಾಖಲಾಗಿವೆ. ಆದರೆ ಜ್ಞಾನಸ್ನಾನದ ಪುಸ್ತಕದಲ್ಲಾಗಲಿ, ಲೆಕ್ಕಪತ್ರದ ಕಡತದಲ್ಲಾಗಲಿ ಬರೆದಿಡದ ಇನ್ನೊಂದು ಚರಿತ್ರೆ ನಮ್ಮ ದೇವಾಲಯಕ್ಕಿದೆ. ಅದು ತೋರಣದ ಚರಿತ್ರೆ. ಚಪ್ಪರದ, ತೇರಿನ, ಗೋದಲಿಯ, ಬಣ್ಣದ ಕಾಗದದ, ದೀಪಮಾಲೆಯ ಚರಿತ್ರೆ. ಹಬ್ಬ ಮುಗಿದ ಮರುದಿನವೇ ಬಾಡಿ ಉದುರುವ ವಸ್ತುಗಳಿಂದ ರಚಿತವಾದದ್ದರಿಂದ ಅದನ್ನು ಬರೆಯುವವರು ವಿರಳ. ಆ ಕಾರಣದಿಂದಲೇ ಈ ಪುಟಗಳನ್ನು ಅದಕ್ಕೆ ಮೀಸಲಿಡಬೇಕೆಂದು ನನಗೆ ತೋರಿತು. ಜೊತೆಗೆ, ಈ ವಿಷಯದಲ್ಲಿ ನಾನು ತೀರಿಸಬೇಕಾದ ಒಂದು ಸಾಲವೂ ಉಂಟು. ಅದನ್ನು ಮುಂದೆ ಅರಿಕೆ ಮಾಡುತ್ತೇನೆ.

ಸಾಕೆನ್ನುವಷ್ಟು ತಂದ ಜನ

ದೇವರ ಸನ್ನಿಧಿಯನ್ನು ಅಲಂಕರಿಸುವ ಉತ್ಸಾಹ ಹೊಸದಲ್ಲ. ವಿಮೋಚನಾಕಾಂಡದಲ್ಲಿ ದೇವದರ್ಶನದ ಗುಡಾರವನ್ನು ಕಟ್ಟುವ ವೃತ್ತಾಂತವನ್ನು ಓದಿರಿ. ಬೆಚಲೇಲನೆಂಬ ಕುಶಲಕರ್ಮಿಯನ್ನು ದೇವರು ಹೆಸರು ಹಿಡಿದು ಕರೆದರೆಂದೂ, ಚಿನ್ನ, ಬೆಳ್ಳಿ, ಮರ, ಕಲ್ಲುಗಳಲ್ಲಿ ಕೆಲಸ ಮಾಡಲು ಬೇಕಾದ ಜ್ಞಾನವನ್ನು ಪವಿತ್ರಾತ್ಮರಿಂದ ತುಂಬಿದರೆಂದೂ ಅಲ್ಲಿ ಹೇಳಿದೆ. ಅನಂತರ ನಡೆದುದು ಇನ್ನೂ ಸ್ವಾರಸ್ಯಕರ. ಜನರು ಪ್ರತಿದಿನ ಬೆಳಗ್ಗೆ ಕಾಣಿಕೆಗಳನ್ನು ತಂದು ರಾಶಿ ಹಾಕುತ್ತಲೇ ಹೋದಾಗ, ಕೆಲಸಗಾರರೇ ಮೋಶೆಯ ಬಳಿಗೆ ಬಂದು ಬೇಕಾದುದಕ್ಕಿಂತ ಹೆಚ್ಚಾಯಿತೆಂದು ದೂರಿದರು. ಇನ್ನು ಯಾರೂ ಏನನ್ನೂ ತರಕೂಡದೆಂದು ಪಾಳೆಯದಲ್ಲೆಲ್ಲ ಸಾರಿಸಬೇಕಾಯಿತು. ನಲವತ್ತು ವರ್ಷಗಳ ಕಾಲ ಮರುಭೂಮಿಯಲ್ಲಿ ಅಲೆದ, ಸ್ವಂತ ಮನೆಯೆಂಬುದೇ ಇಲ್ಲದ ಜನರು ಅವರು. ಇಲ್ಲದವರ ಕೈಯೇ ಹಬ್ಬದಲ್ಲಿ ಧಾರಾಳವಾಗುವುದೆಂಬ ಸತ್ಯ ಅಷ್ಟು ಹಳೆಯದು.

ನಮ್ಮ ನಾಡಿನಲ್ಲಿ ಮೊದಲ ತೇರು

ಈಗ ನಮ್ಮ ನಾಡಿಗೆ ಬರೋಣ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ಇವು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಅದಕ್ಕೂ ಬಹು ಹಿಂದೆ, 18ನೆಯ ಶತಮಾನದ ಆರಂಭದಲ್ಲಿಯೇ, ಪಾಂಡಿಚೇರಿಯಿಂದ ಹೊರಟ ಫ್ರೆಂಚ್ ಯೇಸುಸಭೆಯ ಗುರುಗಳು ತೆಲುಗು ಸೀಮೆಯನ್ನು ದಾಟಿ ಈ ಭಾಗಕ್ಕೆ ಬಂದಿದ್ದರು. ಕರ್ನಾಟಿಕ್ ಮಿಷನ್ ಎಂದು ಪ್ರಸಿದ್ಧವಾದ ಆ ಸೇವಾಕ್ಷೇತ್ರದ ಗುರುಗಳು ಯೂರೋಪಿಗೆ ಬರೆದ ಪತ್ರಗಳಲ್ಲಿ ಚಿನ್ನಬಳ್ಳಾಪುರವೆಂಬ ಊರಿನ ಹೆಸರು ಬರುತ್ತದೆ. ತೆಲುಗಿನ ಚಿನ್ನ ಎಂದರೆ ನಮ್ಮ ಚಿಕ್ಕ. ಅದೇ ನಮ್ಮ ಚಿಕ್ಕಬಳ್ಳಾಪುರ. ಆ ಪತ್ರಗಳನ್ನು ಬರೆದವರಲ್ಲಿ ಲ ಗಾಕ್ ಸ್ವಾಮಿಗಳು ಪ್ರಮುಖರು. ಸನ್ಯಾಸಿಗಳಂತೆ ಕಾವಿಯುಟ್ಟು, ಸಸ್ಯಾಹಾರದಲ್ಲಿಯೇ ಇದ್ದು, ಆ ಗುರುಗಳು ಈ ನಾಡಿನ ರೀತಿನೀತಿಗಳಿಗೆ ಹೊಂದಿಕೊಂಡು ಬಾಳಿದರು. 1773ರಲ್ಲಿ ಯೇಸುಸಭೆ ವಿಸರ್ಜಿತವಾದ ಬಳಿಕ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು ಈ ಹೊಣೆಯನ್ನು ಹೊತ್ತರು.

ಆ ಸಂಸ್ಥೆಯವರಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯರಾದವರು ಅಬ್ಬೆ ಜೆ. ಎ. ದುಬೋಯಿಸ್ ಅವರು. 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ತರುವಾಯ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದ ಆ ಮಹನೀಯರನ್ನು ಜನರು ದೊಡ್ಡ ಸ್ವಾಮಿಯವರೆಂದು ಗೌರವದಿಂದ ಕರೆಯುತ್ತಿದ್ದರು. ಸಿಡುಬಿಗೆ ದೇವಿ ಹಾಕಿಸುವ ಕಾರ್ಯದಲ್ಲಿ ಅವರು ತೋರಿದ ಶ್ರದ್ಧೆ ಸರ್ವವಿದಿತ. 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಅದೇ ವರ್ಷ ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತ ಪತ್ರಗಳ ಗ್ರಂಥವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಅದರಲ್ಲಿ ನಮ್ಮ ಪೂರ್ವಿಕರ ಹಬ್ಬದ ಮೆರವಣಿಗೆಗಳ ವರ್ಣನೆಯಿದೆ. ರಾತ್ರಿಯ ಹೊತ್ತು, ಲೆಕ್ಕವಿಲ್ಲದ ಪಂಜುಗಳು, ಬಾಣಬಿರುಸು, ತಮಟೆ ಕಹಳೆಗಳ ಅಬ್ಬರ, ಹೂಮಾಲೆಗಳ ಭಾರದಲ್ಲಿಯೂ ಥಳಕಿನ ಒಡವೆಗಳಲ್ಲಿಯೂ ಮುಳುಗಿದ ತೇರಿನ ಮೇಲೆ ಸಂತರ ಸ್ವರೂಪ!

ದೊಡ್ಡ ಸ್ವಾಮಿಯವರು ಇದನ್ನು ಮೆಚ್ಚಿ ಬರೆದವರಲ್ಲ. ಈ ಮೆರವಣಿಗೆಗಳಿಂದ ತಮಗೆ ಸದಾ ನಾಚಿಕೆಯಾಗುತ್ತಿತ್ತೆಂದೇ ಅವರು ಹೇಳಿಕೊಂಡಿದ್ದಾರೆ. ಆದರೆ ಚರಿತ್ರೆಯ ವಿನೋದವನ್ನು ನೋಡಿರಿ. ಅವರು ನಾಚಿಕೆಪಟ್ಟು ಬರೆದುದರಿಂದಲೇ, ಇನ್ನೂರು ವರ್ಷಗಳ ಹಿಂದೆ ನಮ್ಮವರು ಎಷ್ಟು ಸಂಭ್ರಮದಿಂದ ಹಬ್ಬ ಮಾಡುತ್ತಿದ್ದರೆಂಬುದಕ್ಕೆ ನಮಗಿಂದು ಸಾಕ್ಷ್ಯ ದೊರೆತಿದೆ. ಟಿಪ್ಪು ಸುಲ್ತಾನನ ಕಾಲದ ಕಷ್ಟನಷ್ಟಗಳು ಮುಗಿದು ಬಹಳ ದಿನವಾಗಿರಲಿಲ್ಲ. ಅಂತಹ ಜನರು ಮೊದಲು ಕಟ್ಟಿಕೊಂಡದ್ದರಲ್ಲಿ ತೇರೂ ಒಂದು. ಅದನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ನ್ಯಾಯವೇ? ನಾವಿನ್ನೂ ಇದ್ದೇವೆ ಎಂದು ಅವರು ಬೀದಿಯಲ್ಲಿ ಸಾರಿದ ಬಗೆಯೇ ಅದಾಗಿತ್ತೆಂದು ನನಗೆ ತೋರುತ್ತದೆ.

ಜನರದೇ ಆದ ಭಾಷೆ

ನೂರು ವರ್ಷಗಳ ಹಿಂದೆ ನಮ್ಮ ದೇವಾಲಯ ತಲೆಯೆತ್ತಿದಾಗ ಈ ಪ್ರದೇಶ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. 1940ರಲ್ಲಿ ಬೆಂಗಳೂರು ಮತ್ತು ಮೈಸೂರು ಬೇರೆಬೇರೆ ಧರ್ಮಪ್ರಾಂತ್ಯಗಳಾದವು. 1953ರಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯವಾಯಿತು. ಆ ಕಾಲದಲ್ಲಿ ಬಲಿಪೂಜೆ ನಡೆಯುತ್ತಿದ್ದುದು ಲತೀನ್ ಭಾಷೆಯಲ್ಲಿ. ಗುರುಗಳು ಪೀಠದ ಕಡೆಗೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದರು. ಮನೆಯಲ್ಲಿ ತೆಲುಗನ್ನೋ ತಮಿಳನ್ನೋ, ಸಂತೆಯಲ್ಲಿ ಕನ್ನಡವನ್ನೋ ಆಡುತ್ತಿದ್ದ ಜನರಿಗೆ ಪೂಜೆಯ ಮಾತುಗಳಲ್ಲಿ ಒಂದೂ ಅರ್ಥವಾಗುತ್ತಿರಲಿಲ್ಲ. ಹಾಗಾದರೆ ಆರಾಧನೆಯಲ್ಲಿ ಅವರದೇ ಆದದ್ದು ಯಾವುದು? ಜಪಸರವಲ್ಲದೆ ಮತ್ತೊಂದಿತ್ತು, ಅದು ಅಲಂಕಾರ. ಬಾಗಿಲಿಗೆ ಕಟ್ಟಿದ ಮಾವಿನ ತೋರಣ, ಕಂಬಕ್ಕೆ ಬಿಗಿದ ಬಾಳೆಯ ಕಂದು, ಅಂಗಳದ ರಂಗೋಲಿ, ತೇರಿನ ಹೂವು ಇವುಗಳಲ್ಲಿ ಅವರು ತಮ್ಮ ಭಕ್ತಿಯನ್ನು ತಮ್ಮದೇ ನುಡಿಯಲ್ಲಿ ಹೇಳುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆ ಕನ್ನಡಕ್ಕೆ ಬಂದಿತು. 1969ರಲ್ಲಿ ಎಣ್ಣೆಯ ದೀಪ, ಆರತಿ, ಅಂಜಲಿ ಮೊದಲಾದ ಭಾರತೀಯ ಪದ್ಧತಿಗಳಿಗೆ ರೋಮ್ ಸಮ್ಮತಿ ನೀಡಿತು. ಪಂಡಿತರು ಇದನ್ನು ಸಂಸ್ಕೃತ್ಯನುರೂಪವೆಂದು ಹೆಸರಿಸುವುದಕ್ಕೆ ಬಹಳ ಮೊದಲೇ ನಮ್ಮ ತಾಯಂದಿರು ಅದನ್ನು ಹೂವಿನ ದಾರದಲ್ಲಿ ಕಟ್ಟಿ ಮುಗಿಸಿದ್ದರು.

ನಾಲ್ಕು ತಾಲ್ಲೂಕುಗಳ ಕೊಡುಗೆ

ನಮ್ಮ ನಾಲ್ಕು ತಾಲ್ಲೂಕುಗಳ ನೆಲವೇ ಅಲಂಕಾರಕ್ಕೆ ಒಲಿದ ನೆಲ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ನಸುಕಿನಲ್ಲಿ ಹೋಗಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇವಂತಿಗೆಯ ಹಳದಿ ಬಿಳುಪು, ಚೆಂಡುಹೂವಿನ ಕಿತ್ತಳೆ, ಗುಲಾಬಿಯ ಕೆಂಪು, ಕನಕಾಂಬರದ ಕೆಂಡದ ಬಣ್ಣ ಮೂಟೆ ಮೂಟೆಯಾಗಿ ಬಂದು ಇಳಿಯುತ್ತವೆ. ಶಿಡ್ಲಘಟ್ಟ ರೇಷ್ಮೆಯ ಊರು. ಅಲ್ಲಿ ಅತಿಥಿಗಳ ಕೊರಳಿಗೆ ರೇಷ್ಮೆಗೂಡಿನ ಹಾರವನ್ನು ಹಾಕುವ ವಾಡಿಕೆಯುಂಟು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯ ಮೇಲೆ ಬಣ್ಣದ ಕಾಗದವನ್ನು ಹರಡಿ ಅದನ್ನೇ ಪೀಠದ ಹಿಂದಿನ ಪ್ರಭಾವಳಿಯಾಗಿ ನಿಲ್ಲಿಸಿದ ಯುವಕರನ್ನು ನಾನು ಬಲ್ಲೆ. ಚಿಂತಾಮಣಿಯ ಕಡೆಯ ಮಾವಿನ ತೋಪುಗಳು ತೋರಣಕ್ಕೆ ಎಲೆಯನ್ನು ಕೊಟ್ಟರೆ, ಗೌರಿಬಿದನೂರಿನ ಉತ್ತರ ಪಿನಾಕಿನಿಯ ಆಸುಪಾಸಿನ ತೆಂಗು ಈಚಲುಗಳು ಗರಿಗಳ ಭಾನುವಾರಕ್ಕೂ ಹಬ್ಬದ ಚಪ್ಪರಕ್ಕೂ ಒದಗಿವೆ.

ನೆರೆಹೊರೆಯವರಿಂದ ನಾವು ಕಲಿತದ್ದೂ ಅಪಾರ. ಊರಿನ ಜಾತ್ರೆಗಳಲ್ಲಿ ಹೊರಡುವ ಹೂವಿನ ಪಲ್ಲಕ್ಕಿಯನ್ನು ನೋಡಿ ಬೆರಗಾಗದವರು ಯಾರು? ಬಿದಿರಿನ ಚೌಕಟ್ಟಿನ ಮೇಲೆ ಇಂಚು ಜಾಗವೂ ಕಾಣದಂತೆ ಹೂವನ್ನು ಹೊದಿಸಿ, ಗೋಪುರದ ಮೇಲೆ ಗೋಪುರವನ್ನೇರಿಸಿ ದೀಪ ಹಚ್ಚಿದರೆ ರಾತ್ರಿಯ ಬೀದಿಯಲ್ಲಿ ಒಂದು ತೋಟವೇ ನಡೆದುಬಂದಂತಿರುತ್ತದೆ. ಹಳ್ಳಿಯ ಹೆಂಗಸರು ಹೂವಿನಿಂದ ಸಿಂಗರಿಸಿದ ತಂಬಿಟ್ಟಿನ ದೀಪಗಳನ್ನು ತಲೆಯ ಮೇಲೆ ಹೊತ್ತು ಸಾಲಾಗಿ ನಡೆಯುವ ನೋಟವೂ ಅಂತಹುದೇ. ಪಲ್ಲಕ್ಕಿಗೆ ಹೂ ಕಟ್ಟಿದ ಬೆರಳುಗಳೇ ನಮ್ಮ ತೇರಿಗೂ ಹೂ ಕಟ್ಟಿವೆ. ನಮ್ಮ ಚಪ್ಪರದ ಗಳ ನೆಟ್ಟವರಲ್ಲಿ, ದೀಪದ ಸರ ಎಳೆದವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ. ಹಬ್ಬದ ಮುನ್ನಾದಿನ ಕೂಲಿಯ ಲೆಕ್ಕವನ್ನು ಮರೆತು, ಇನ್ನೊಂದು ಸರ ಹಾಕೋಣ ಸ್ವಾಮಿ ಎಂದು ಏಣಿಯ ಮೇಲಿಂದಲೇ ಕೂಗಿ ಹೇಳಿದವರು ಅವರಲ್ಲುಂಟು. ಚಿಕ್ಕಬಳ್ಳಾಪುರದ ಸೂಸೈಪಾಳ್ಯವು ಸಂತ ಜೋಸೆಫರ ಹೆಸರನ್ನು ಇಂದಿಗೂ ಹೊತ್ತಿರುವಂತೆ, ನಮ್ಮ ಹಬ್ಬಗಳೂ ಈ ಊರುಗಳ ಹಬ್ಬಗಳಾಗಿಯೇ ಬೆಳೆದಿವೆ.

ಗೋದಲಿಯ ವೈಭವ

ಅಲಂಕಾರದ ಮಾತು ಬಂದಾಗ ಗೋದಲಿಯನ್ನು ಮರೆಯುವಂತಿಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರ ಕ್ರಿಸ್ತಜಯಂತಿಯ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲಿನ ಮೇವುದೊಟ್ಟಿಯನ್ನೂ ಜೀವಂತ ಎತ್ತು ಕತ್ತೆಗಳನ್ನೂ ಇರಿಸಿ ದಿವ್ಯಬಾಲಕರ ಜನನವನ್ನು ಕಣ್ಣಿಗೆ ಕಟ್ಟಿಸಿದರು. ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಅದೇ ಗ್ರೆಚ್ಚೊಗೆ ಹೋಗಿ ಗೋದಲಿಯ ಮಹತ್ವವನ್ನು ಕುರಿತ ಪತ್ರಕ್ಕೆ ಸಹಿ ಹಾಕಿದರು. ಬಡತನವನ್ನೇ ಮದುವೆಯಾದವರೆಂದು ಹೆಸರಾದ ಸಂತರು ಲೋಕದ ಅತಿ ದೊಡ್ಡ ಅಲಂಕಾರ ಸಂಪ್ರದಾಯವೊಂದಕ್ಕೆ ನಾಂದಿ ಹಾಡಿದರೆಂಬುದು ಮನನಯೋಗ್ಯ.

ನಮ್ಮ ಗೋದಲಿಗಳು ಬೆತ್ಲೆಹೇಮಿನಲ್ಲಿ ನಿಲ್ಲುವುದಿಲ್ಲ. ತಟ್ಟೆಗಳಲ್ಲಿ ರಾಗಿಯನ್ನು ಬಿತ್ತಿ ಹದಿನೈದು ದಿನ ನೀರೆರೆದು ಬೆಳೆಸಿದ ಹಸಿರು ಪೈರು ಅಲ್ಲಿ ಹೊಲವಾಗುತ್ತದೆ. ಕಲ್ಲುಗಳನ್ನು ಪೇರಿಸಿ, ಗೋಣಿಯನ್ನು ಹೊದಿಸಿ ಸುಣ್ಣ ಬಳಿದರೆ ನಂದಿಬೆಟ್ಟವೂ ಬೆತ್ಲೆಹೇಮಿನ ಪಕ್ಕದಲ್ಲಿಯೇ ಎದ್ದುನಿಲ್ಲುತ್ತದೆ. ಕನ್ನಡಿಯ ಚೂರು ಕೆರೆಯಾಗುತ್ತದೆ. ಕೆರೆಯ ಏರಿಯ ಮೇಲೆ ಬಸ್ಸೂ ಓಡುತ್ತದೆ. ಹೆರೋದನ ಅರಮನೆಗೆ ಬಣ್ಣದ ಸೀರಿಯಲ್ ಸೆಟ್ಟು ಮಿನುಗುತ್ತದೆ. ಕಾಲ ದೇಶಗಳ ಲೆಕ್ಕ ತಪ್ಪಿತಲ್ಲ ಎಂದು ವಿದ್ಯಾವಂತರು ನಗಬಹುದು. ಆದರೆ ದೈವಶಾಸ್ತ್ರದ ದೃಷ್ಟಿಯಿಂದ ಲೆಕ್ಕ ತಪ್ಪಿಲ್ಲ. ವಾರ್ತೆಯೆಂಬಾತನು ಮನುಷ್ಯನಾಗಿ ನಮ್ಮ ನಡುವೆ ವಾಸಮಾಡಿದನೆಂಬ ವಿಶ್ವಾಸವನ್ನು ಮಕ್ಕಳು ಶಿಡ್ಲಘಟ್ಟದ ಬಸ್ಸಿನ ಮೂಲಕ ಅರಿಕೆಮಾಡಿದ್ದಾರೆ, ಅಷ್ಟೆ.

ನನ್ನ ಸಾಲ

ಈಗ ನನ್ನ ಸಾಲದ ಮಾತು. ಗುರುಮಠದಿಂದ ಹೊರಬಂದ ಹೊಸತರಲ್ಲಿ ರೇಷ್ಮೆ ಕೆಲಸಗಾರರೇ ಹೆಚ್ಚಾಗಿದ್ದ ಒಂದು ಸಣ್ಣ ಧರ್ಮಕೇಂದ್ರಕ್ಕೆ ನನ್ನನ್ನು ಕಳುಹಿಸಲಾಗಿತ್ತು. ಪವಿತ್ರ ಆರಾಧನಾವಿಧಿಯನ್ನು ಕುರಿತು 1963ರಲ್ಲಿ ಮಹಾಸಭೆ ಹೊರಡಿಸಿದ ಸಂವಿಧಾನವು ಬರಿಯ ಆಡಂಬರಕ್ಕಿಂತ ಉದಾತ್ತವಾದ ಸೌಂದರ್ಯವನ್ನು ಅರಸಬೇಕೆಂದು ಬೋಧಿಸುತ್ತದೆ. ಆ ಪಾಠವನ್ನು ನಾನು ಬಾಯಿಪಾಠ ಮಾಡಿದ್ದೆ, ಜನರನ್ನು ಓದಿರಲಿಲ್ಲ. ಪಾಲಕ ಸಂತರ ಹಬ್ಬದ ಹಿಂದಿನ ಸಂಜೆ ದೇವಾಲಯವನ್ನು ಹೊಕ್ಕು ನೋಡುತ್ತೇನೆ: ಕಂಬಗಳಿಗೆಲ್ಲ ನೇರಳೆ, ಹಸಿರು, ಗುಲಾಬಿ ಬಣ್ಣದ ಕಾಗದ, ಛಾವಣಿಯಿಂದ ಇಳಿಬಿಟ್ಟ ನೂರಾರು ಗಾಜಿನ ಚೆಂಡುಗಳು, ಸಂತರ ತಲೆಯ ಹಿಂದೆ ತಿರುಗುವ ದೀಪಚಕ್ರ. ಪೀಠ ಕಾಣುವುದೇ ಕಷ್ಟವಾಗಿತ್ತು. ಕೋಪದಿಂದ ಎಲ್ಲವನ್ನೂ ತೆಗೆಸಿದೆ. ಎರಡು ಹೂದಾನಿ, ಆರು ಮೇಣದ ಬತ್ತಿಗಳನ್ನು ಮಾತ್ರ ಉಳಿಸಿದೆ.

ಮರುದಿನ ದೇವಾಲಯವು ಪುಸ್ತಕದಲ್ಲಿ ಹೇಳಿದಂತೆಯೇ ಸುಂದರವಾಗಿತ್ತು. ಜನರು ಬಂದರು, ಕುಳಿತರು, ಹೋದರು. ತೇರು ಎಳೆಯಲು ಯುವಕರು ಬರಲಿಲ್ಲ. ಪೂಜೆಯ ನಂತರ ಒಬ್ಬ ವೃದ್ಧೆ ನನ್ನ ಬಳಿಗೆ ಬಂದರು. ನೂಲು ಬಿಚ್ಚುವ ಕೆಲಸದಲ್ಲಿ ವರ್ಷಾನುಗಟ್ಟಲೆ ಬಿಸಿನೀರಿನಲ್ಲಿ ಕೈಯಿಟ್ಟು ಬೆರಳುಗಳ ಚರ್ಮ ಬೆಳ್ಳಗಾಗಿ ಬಿರಿದಿತ್ತು. ಅವರು ಕೋಪದಿಂದ ಮಾತನಾಡಲಿಲ್ಲ.

“ಸ್ವಾಮೀ, ವರ್ಷವೆಲ್ಲಾ ಯಾರದೋ ಮನೆ ಸೀರೆಗೆ ನೂಲು ತೆಗೀತೀವಿ. ನಮ್ದು ಅಂತ ಮಿಣಮಿಣ ಅನ್ನೋದು ಇದೊಂದೇ ದಿನ. ಅದನ್ನೂ ಕಳಚಿಬಿಟ್ರಾ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡ ಸ್ವಾಮಿಯವರ ಗ್ರಂಥವನ್ನು ಓದಿದ್ದು ಅನೇಕ ವರ್ಷಗಳ ನಂತರ. ಓದಿದಾಗ ಆ ವೃದ್ಧೆಯ ಕೈಗಳೇ ಕಣ್ಣ ಮುಂದೆ ಬಂದವು. ಅಷ್ಟು ದೊಡ್ಡ ಮಿಷನರಿ ಹೇಳಿದ ಮಾತನ್ನೇ ನಾನೂ ಹೇಳಿದ್ದೆನೆಂಬುದು ಸಮಾಧಾನದ ಸಂಗತಿಯಲ್ಲ. ಮರುವರ್ಷ ಯುವಕರನ್ನು ನಾನೇ ಮನೆಮನೆಗೆ ಹೋಗಿ ಕರೆದೆ. ಪೀಠದ ಮುಂಭಾಗವನ್ನೂ ಪರಮಪ್ರಸಾದದ ಪೆಟ್ಟಿಗೆಯನ್ನೂ ಮರೆಮಾಡಬಾರದೆಂಬ ಒಂದೇ ನಿಯಮವನ್ನು ವಿಧಿಸಿ, ಮಿಕ್ಕಿದ್ದೆಲ್ಲವನ್ನೂ ಅವರಿಗೆ ಬಿಟ್ಟೆ. ಅವರು ಹತ್ತುವಾಗ ಏಣಿಯನ್ನು ಹಿಡಿದುಕೊಂಡೆ. ಆ ರಾತ್ರಿ ತೇರು ಹೊರಟಾಗ ಆ ವೃದ್ಧೆ ಬಿರಿದ ಬೆರಳುಗಳಿಂದ ಸೇವಂತಿಗೆಯ ಎಸಳುಗಳನ್ನು ಎರಚುತ್ತಿದ್ದರು.

ಬಡವರ ಪಾಲು

ಹಾಗೆಂದು ಅಲಂಕಾರವನ್ನು ಆಕ್ಷೇಪಿಸುವವರ ಮಾತನ್ನು ಅಲ್ಲಗಳೆಯುವಂತಿಲ್ಲ. ಈ ಹಣವನ್ನು ಬಡವರಿಗೆ ಕೊಡಬಹುದಿತ್ತಲ್ಲ ಎಂಬ ಪ್ರಶ್ನೆ ಶತಮಾನೋತ್ಸವದ ಸಭೆಗಳಲ್ಲಿಯೂ ಎದ್ದಿತು. ಶುಭಸಂದೇಶದಲ್ಲಿಯೂ ಅದು ಎದ್ದಿದೆ. ಬೆಥಾನಿಯದ ಮರಿಯಳು ಪ್ರಭುವಿನ ಪಾದಗಳಿಗೆ ಸುರಿದ ಸುಗಂಧತೈಲದ ಬೆಲೆ ಮುನ್ನೂರು ದಿನಾರಿಗಳೆಂದು ಯೂದನು ಲೆಕ್ಕ ಹಾಕಿದನು. ಅದು ಕೂಲಿಯವನೊಬ್ಬನ ಸುಮಾರು ಒಂದು ವರ್ಷದ ಸಂಪಾದನೆ. ಪ್ರಭುವು ಆ ಧಾರಾಳತನದ ಪಕ್ಷವನ್ನೇ ವಹಿಸಿದರು. ಆದರೆ ಬಡವರು ಯಾವಾಗಲೂ ನಿಮ್ಮ ಸಂಗಡ ಇರುವರೆಂಬುದನ್ನೂ ನೆನಪಿಸಿದರು. ಕಾನ್‍ಸ್ಟಾಂಟಿನೋಪಲ್ಲಿನ ಮಹಾಬೋಧಕರಾದ ಸಂತ ಜಾನ್ ಕ್ರಿಸೋಸ್ತೋಮರ ಎಚ್ಚರಿಕೆ ರೇಷ್ಮೆಯ ನಾಡಿನವರಾದ ನಮಗೆ ವಿಶೇಷವಾಗಿ ತಟ್ಟಬೇಕು. ಗುಡಿಯೊಳಗೆ ಕ್ರಿಸ್ತರಿಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ನಡುಗುವ ಅದೇ ಕ್ರಿಸ್ತರನ್ನು ಕಡೆಗಣಿಸುವುದು ಸಲ್ಲದೆಂದು ಅವರು ಬೋಧಿಸಿದರು. ಅಲಂಕಾರವನ್ನು ತಾವು ನಿಷೇಧಿಸುತ್ತಿಲ್ಲ, ದಾನ ಮೊದಲಾಗಲಿ ಎಂಬುದು ಅವರ ಅಭಿಪ್ರಾಯವೆಂಬುದನ್ನೂ ಮರೆಯಬಾರದು.

ಇನ್ನೊಂದು ಮಾತನ್ನು 2020ನೆಯ ವರ್ಷ ನನಗೆ ಕಲಿಸಿತು. ಮಹಾಮಾರಿಯ ದೆಸೆಯಿಂದ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ದೇಶವೇ ಬಾಗಿಲು ಮುಚ್ಚಿತು. ಏಪ್ರಿಲ್ 12ರಂದು ಪಾಸ್ಖ ಹಬ್ಬ. ಬರಿದಾದ ದೇವಾಲಯದಲ್ಲಿ, ಒಂದೇ ಒಂದು ಹೂವಿಲ್ಲದ ಪೀಠದ ಮುಂದೆ ಪೂಜೆಯನ್ನು ಅರ್ಪಿಸಿದೆನು. ಅದೇ ದಿನಗಳಲ್ಲಿ ನಮ್ಮ ಜಿಲ್ಲೆಯ ರೈತರು ಕೊಳ್ಳುವವರಿಲ್ಲದೆ ಹೂವನ್ನು ಕಿತ್ತು ತಿಪ್ಪೆಗೆ ಸುರಿಯುತ್ತಿದ್ದರು. ಗುಡಿ, ಮಸೀದಿ, ಚರ್ಚು, ಮದುವೆಮನೆ ಯಾವುದರ ಬಾಗಿಲಿಗೂ ತೋರಣವಿರಲಿಲ್ಲ. ಹಬ್ಬದ ಹೂವೆಂದರೆ ಬೆಳೆದವರ, ಬಿಡಿಸಿದವರ, ಕಟ್ಟಿದವರ, ಮಾರಿದವರ ಅನ್ನವೂ ಹೌದೆಂಬುದು ಆಗ ಮನದಟ್ಟಾಯಿತು. ಬಡವರಿಗೆ ಕೊಡಬಹುದಿತ್ತೆಂದು ಹೇಳುವ ಹಣದಲ್ಲಿ ಒಂದು ಪಾಲು ಬಡವರ ಕೈಗೇ, ಅದೂ ಭಿಕ್ಷೆಯಾಗಿ ಅಲ್ಲದೆ ಸಂಪಾದನೆಯಾಗಿ, ಸೇರುತ್ತಿತ್ತು.

ನಮ್ಮ ಪಾಲನಾ ಸಮಿತಿಯು ಈ ಎರಡು ಮಾತುಗಳನ್ನೂ ತೂಗಿನೋಡಿತು. ಅಲಂಕಾರಕ್ಕೆ ಸಂಗ್ರಹವಾದ ಮೊತ್ತಕ್ಕೆ ಸಮನಾದುದನ್ನು ಬಡಮಕ್ಕಳ ಶಾಲಾಶುಲ್ಕಕ್ಕೂ ರೋಗಿಗಳ ಔಷಧಕ್ಕೂ ಮೊದಲು ತೆಗೆದಿಟ್ಟು, ಆ ಮೇಲೆ ಮನಸಾರೆ ಅಲಂಕರಿಸುವುದೆಂದು ನಿರ್ಧರಿಸಿದೆ. ಎರಡರಲ್ಲಿ ಯಾವುದಕ್ಕೂ ಜಿಪುಣತನ ತೋರುವಂತಿಲ್ಲ.

ಮಿತಿಯ ಸೊಬಗು

ಕಿರಿಯರಿಗೆ ಕೆಲವು ಹಿತವಚನಗಳು. ಧರ್ಮಸಭೆಯ ಪಂಚಾಂಗವನ್ನು ಗಮನಿಸಿರಿ. ಆಗಮನ ಕಾಲದಲ್ಲಿಯೂ ತಪಸ್ಸುಕಾಲದಲ್ಲಿಯೂ ನೇರಳೆಯ ವಸ್ತ್ರವನ್ನು ಧರಿಸಿ ನಾವು ಕಾಯುತ್ತೇವೆ. ತಪಸ್ಸುಕಾಲದಲ್ಲಿ ಪೀಠಕ್ಕೆ ಹೂವಿಲ್ಲ. ಶುಭಶುಕ್ರವಾರ ಪೀಠಕ್ಕೆ ಬಟ್ಟೆಯೂ ಇಲ್ಲ. ಹಾಗೆ ಹಸಿದ ಕಣ್ಣಿಗೇ ಪಾಸ್ಖದ ರಾತ್ರಿಯ ಬೆಳಕು ಹಬ್ಬವಾಗುತ್ತದೆ. ವರ್ಷವಿಡೀ ಮಿನುಗುವ ದೀಪಕ್ಕೆ ಹಬ್ಬದ ದಿನ ಹೇಳಲು ಏನೂ ಉಳಿದಿರುವುದಿಲ್ಲ.

ಇನ್ನು, ಕೊಂಡು ತಂದ ಅಲಂಕಾರಕ್ಕಿಂತ ಕೈಯಿಂದ ಮಾಡಿದ್ದು ಮೇಲು. ಹಿಂದೆ ಮೈದಾಹಿಟ್ಟಿನ ಗೋಂದನ್ನು ಕುದಿಸಿ, ಬಿದಿರಿನ ಕಡ್ಡಿಗೆ ಬಣ್ಣದ ಕಾಗದವನ್ನಂಟಿಸಿ ಒಂದು ನಕ್ಷತ್ರ ಮಾಡಲು ಇಡೀ ಮನೆಮಂದಿ ಒಂದು ಸಂಜೆ ಕೂಡುತ್ತಿದ್ದರು. ಆ ಕೂಡುವಿಕೆಯೇ ಅರ್ಧ ಹಬ್ಬ. ಪ್ಲಾಸ್ಟಿಕ್ ತೋರಣ, ಥರ್ಮೋಕೋಲ್, ಫ್ಲೆಕ್ಸ್ ಫಲಕಗಳಿಗೆ ಅಂತಹ ಸಂಜೆಯೇ ಬೇಕಾಗಿಲ್ಲ. ರಾಜ್ಯ ಸರ್ಕಾರವು 2016ರಲ್ಲಿಯೇ ಇಂತಹ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದೆ. ನಮ್ಮ ಕೆರೆಗಳಿಗೆ ಹೂವು ಬಾಡಿ ಬಿದ್ದರೆ ಗೊಬ್ಬರವಾದೀತು. ಪ್ಲಾಸ್ಟಿಕ್ ಬಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಕರಗದು. ಅಲಂಕಾರದಲ್ಲಿ ದಾನಿಗಳ ಭಾವಚಿತ್ರವು ಸಂತರ ಸ್ವರೂಪಕ್ಕಿಂತ ದೊಡ್ಡದಾಗುವುದೂ ತರವಲ್ಲ.

ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಉಳಿದುದರಲ್ಲಿ ಸಂಕೋಚಪಡಬೇಡಿರಿ. ಇನ್ನೊಂದು ಸರ ಹಾಕಿರಿ. ಹೂವಿನ ಮೇಲೆ ಹೂವನ್ನು ಕಟ್ಟಿರಿ. ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನೆಗಳನ್ನು ಕಂಠದವರೆಗೆ ತುಂಬಿಸಿದ ಪ್ರಭು ನಮ್ಮವರು. ಲೆಕ್ಕ ಮೀರಿ ಕೊಡುವುದು ಅವರಿಗೆ ಅಪರಿಚಿತವಲ್ಲ.

ಶತಮಾನೋತ್ಸವದ ದೀಪಗಳು ಆರಿ, ಚಪ್ಪರವನ್ನು ಬಿಚ್ಚಿದ ಮರುದಿನ ಬೆಳಗ್ಗೆ ಅಂಗಳದಲ್ಲಿ ಒಣಗಿದ ಮಾವಿನೆಲೆಗಳು ಉಳಿದಿರುತ್ತವೆ. ಅವುಗಳನ್ನು ಗುಡಿಸುವಾಗ, ಈ ನೂರು ವರ್ಷಗಳಲ್ಲಿ ತೋರಣ ಕಟ್ಟಿ, ಹೆಸರನ್ನು ಎಲ್ಲಿಯೂ ಬರೆಸದೆ, ಪಕ್ಕದ ಸಮಾಧಿಭೂಮಿಯಲ್ಲಿ ವಿಶ್ರಮಿಸುತ್ತಿರುವವರಿಗಾಗಿ ಒಂದು ಪರಲೋಕಮಂತ್ರವನ್ನು ಜಪಿಸಿರಿ. ಈ ದೇವಾಲಯದ ಕಲ್ಲನ್ನು ಕಟ್ಟಿದವರು ಯಾರೆಂದು ಫಲಕ ಹೇಳುತ್ತದೆ. ಇದರ ಸಂತೋಷವನ್ನು ಕಟ್ಟಿದವರು ಅವರು. ದೇವಮಾತೆ ಮರಿಯಮ್ಮನವರ ಹಾಗೂ ನಮ್ಮ ಪಾಲಕ ಸಂತರ ಬಿನ್ನಹದ ಮೂಲಕ ಸರ್ವಶಕ್ತರಾದ ದೇವರು ಅವರಿಗೆ ನಿತ್ಯವಾದ ಬೆಳಕನ್ನೂ, ನಿಮ್ಮೆಲ್ಲರ ಮನೆಗಳಿಗೆ ಹಬ್ಬದ ಆನಂದವನ್ನೂ ದಯಪಾಲಿಸಲಿ. ಆಮೆನ್.